ಮಗು ಮುಂದೆ, ದೊಡ್ಡವರು ಹಿಂದೆ

ಎಷ್ಟೋ ಸಲ ಕೈ ಹಿಡಿದು ಕರೆದೊಯ್ದ ದಾರಿಯೂ ಮಗುವಿಗೆ ಬಾರದೆ ಉಳಿಯುತ್ತದೆ. ಒಂದೆರಡು ಸಲ ತಾನೇ ಮುಂದಾಗಿ ನಡೆದ ದಾರಿ ಬಂದುಬಿಡುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ಫೆಲ್ಡ್‌ಮನ್ ಮತ್ತು ಅಕ್ರೆಡೋಲೊ 1979ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಪರಿಚಯವಿಲ್ಲದ ಜಾಗದಲ್ಲಿ ಕೆಲವು ಮಕ್ಕಳು ತಾವಾಗಿ ನಡೆದರು, ಕೆಲವರನ್ನು ದೊಡ್ಡವರು ನಡೆಸಿಕೊಂಡು ಹೋದರು. ಆಮೇಲೆ, ವಸ್ತುವೊಂದು ಎಲ್ಲಿತ್ತು ಎಂದು ಕೇಳಿದಾಗ ಮೂರು ನಾಲ್ಕು ವರ್ಷದ ಮಕ್ಕಳಲ್ಲಿ ತಾವಾಗಿ ನಡೆದವರೇ ಜಾಗವನ್ನು ಚೆನ್ನಾಗಿ ನೆನಪಿಟ್ಟಿದ್ದರು. ಒಂಬತ್ತು ಹತ್ತು ವರ್ಷದವರಲ್ಲಿ ಈ ಅಂತರ ಅಷ್ಟಾಗಿ ಕಾಣಲಿಲ್ಲ. ಅಂದರೆ ತಾನೇ ನಡೆದು ನೋಡುವ ಅವಕಾಶ ಯಾವ ವಯಸ್ಸಿಗೆ ಹೆಚ್ಚು ಬೇಕೋ ಆ ವಯಸ್ಸಿಗೇ ನಾವು ಅದನ್ನು ಅತಿ ಕಡಿಮೆ ಕೊಡುತ್ತಿದ್ದೇವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಪುಟ್ಟ ಮಕ್ಕಳು ಇವತ್ತು ಬೈಕಿನ ಮುಂಭಾಗದಲ್ಲಿ, ಆಟೋದಲ್ಲಿ, ಶಾಲೆಯ ವ್ಯಾನಿನಲ್ಲಿ ಕೂತು ಊರನ್ನು ಹಾದುಹೋಗುತ್ತಾರೆ. ತಿರುವು ಎಲ್ಲಿ ಬಂತು ಎಂದು ಗಮನಿಸುವ ಕೆಲಸ ಚಾಲಕನದು. ಮಗುವಿಗೆ ಆ ಕೆಲಸವೇ ಇಲ್ಲ. ದಾರಿ ಕಂಡುಕೊಳ್ಳುವುದು ಓದು ಬರಹ ಲೆಕ್ಕಗಳಷ್ಟೇ ಮುಖ್ಯವಾದ ವಿದ್ಯೆ, ಅದನ್ನು ಮಗುವನ್ನು ಮುಂದೆ ಬಿಟ್ಟು ದೊಡ್ಡವರು ಹಿಂದೆ ನಡೆದೇ ಕಲಿಸಬೇಕು, ಆ ಕಲಿಕೆ ಎಡಬಲದಿಂದಲ್ಲ, ನೆಲದ ದಿಕ್ಕಿನಿಂದ ಶುರುವಾಗಬೇಕು ಎಂಬುದು ನನ್ನ ವಾದ. ಅದಕ್ಕೆ ಈ ನಾಲ್ಕು ಊರುಗಳಷ್ಟು ಅನುಕೂಲವಾದ ನೆಲ ಕರ್ನಾಟಕದಲ್ಲಿ ಹೆಚ್ಚಿಲ್ಲ.

ಮಗು ಮುಂದೆ ನಡೆದಾಗ ಆಗುವುದೇನು? ಕವಲು ಬಂದ ಕೂಡಲೇ ಅದು ನಿಲ್ಲುತ್ತದೆ, ತೀರ್ಮಾನ ಮಾಡಬೇಕಾಗುತ್ತದೆ, ತೀರ್ಮಾನಕ್ಕೆ ಆಧಾರ ಹುಡುಕುತ್ತದೆ. ದಾರಿಯ ತಿಳಿವಳಿಕೆ ಬೆಳೆಯುವ ಬಗೆಯನ್ನು 1975ರಲ್ಲಿ ಸೀಗಲ್ ಮತ್ತು ವೈಟ್ ಎಂಬ ಸಂಶೋಧಕರು ಮೂರು ಮಜಲುಗಳಲ್ಲಿ ವಿವರಿಸಿದರು: ಮೊದಲು ಗುರುತುಗಳು, ಬಳಿಕ ಗುರುತಿನಿಂದ ಗುರುತಿಗೆ ಸಾಗುವ ದಾರಿ, ಕೊನೆಗೆ ಎಲ್ಲ ದಾರಿಗಳೂ ಒಂದರೊಳಗೊಂದು ಕೂಡಿಕೊಂಡ ಊರಿನ ಇಡೀ ಚಿತ್ರ. ಈ ಮಜಲುಗಳು ಇಷ್ಟು ಕಟ್ಟುನಿಟ್ಟಾಗಿ ಒಂದಾದ ಮೇಲೊಂದು ಬರುವುದಿಲ್ಲ, ಬೆರೆತುಕೊಂಡೇ ಬೆಳೆಯುತ್ತವೆ ಎಂದು ಮುಂದಿನವರು ತಿದ್ದಿದ್ದಾರೆ. ಆದರೂ ಗುರುತಿಲ್ಲದೆ ದಾರಿಯಿಲ್ಲ ಎಂಬ ಮಾತು ನಿಂತಿದೆ. ದೊಡ್ಡವರ ಗುರುತು ಮಗುವಿನ ಗುರುತಾಗಬೇಕೆಂದಿಲ್ಲ. ಬ್ಯಾಂಕಿನ ಬೋರ್ಡು ನಮ್ಮ ಕಣ್ಣಿನ ಎತ್ತರಕ್ಕಿದೆ. ಮಗುವಿನ ಗಮನಕ್ಕೆ ಬರುವುದು ಹಿಟ್ಟಿನ ಗಿರಣಿಯ ಸದ್ದು, ಮುರಿದ ಚರಂಡಿಯ ಕಲ್ಲು, ಕಟ್ಟೆಯ ಮೇಲಿನ ಅರಳಿಮರ, ನಾಗರಕಲ್ಲು. ಅದು ಆರಿಸಿದ ಗುರುತನ್ನೇ ಒಪ್ಪಿಕೊಳ್ಳಬೇಕು, ಆದರೆ ಒಂದು ಪ್ರಶ್ನೆ ಕೇಳಿ: ನಾಳೆಯೂ ಇದು ಇಲ್ಲೇ ಇರುತ್ತದೆಯೇ? ನಿಂತ ಲಾರಿ, ಮಲಗಿದ ಎಮ್ಮೆ, ತಳ್ಳುಗಾಡಿಯ ಮಿರ್ಚಿ ಅಂಗಡಿ ಇವು ಯಾಕೆ ಆಗುವುದಿಲ್ಲ ಎಂದು ಮಗು ತಾನೇ ಹೇಳುವಂತಾದರೆ ಪಾಠದ ಅರ್ಧ ಮುಗಿದಂತೆ. ಇನ್ನೊಂದನ್ನು ಮಾತ್ರ ದೊಡ್ಡವರೇ ಕಲಿಸಬೇಕು. ಹೋಗುವಾಗ ಕಂಡ ದಾರಿಗೂ ಬರುವಾಗ ಕಾಣುವ ದಾರಿಗೂ ಮುಖ ಬೇರೆ. ಆದ್ದರಿಂದ ಪ್ರತಿ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿ, ಬರುವಾಗ ಇದು ಹೀಗೆ ಕಾಣುತ್ತದೆ ಎಂದು ಮಗು ಬಾಯಿಬಿಟ್ಟು ಹೇಳಬೇಕು. ಇದನ್ನು ಅದು ತಾನಾಗಿ ಮಾಡುವುದಿಲ್ಲ.

ಇನ್ನು ದಿಕ್ಕು. ನಾವು ಮಕ್ಕಳಿಗೆ ಮೊದಲು ಎಡ ಬಲ ಕಲಿಸುತ್ತೇವೆ; ಊಟ ಮಾಡುವ ಕೈ ಬಲಗೈ ಎಂದು ಸುಲಭವಾಗಿ ಬರುತ್ತದೆ. ಆದರೆ ದಾರಿ ಹೇಳಲು ಎಡಬಲ ಕಷ್ಟದ ಸಾಧನ. ಪಿಯಾಜೆ 1920ರ ದಶಕದಲ್ಲೇ ಇದನ್ನು ಗಮನಿಸಿದ್ದರು: ಐದಾರು ವರ್ಷಕ್ಕೆ ತನ್ನ ಎಡಬಲ ತಿಳಿದ ಮಗುವಿಗೆ ಎದುರು ನಿಂತವರ ಎಡಬಲ ತಿಳಿಯಲು ಎಂಟಾಗಬೇಕು, ವಸ್ತುಗಳು ಒಂದಕ್ಕೊಂದು ಯಾವ ಕಡೆ ಇವೆ ಎಂದು ಸರಾಗವಾಗಿ ಹೇಳಲು ಹನ್ನೊಂದಾಗಬೇಕು. ಕಾರಣ ಸರಳವಾಗಿದೆ. ಎಡಬಲ ನಮ್ಮ ಮೈಯ ಜೊತೆಗೇ ತಿರುಗುತ್ತದೆ. ಹೋಗುವಾಗ ಬಲಕ್ಕಿದ್ದ ಗುಡಿ ಬರುವಾಗ ಎಡಕ್ಕಿರುತ್ತದೆ. ಮೂಡಲ ಪಡುವಲ ಹಾಗಲ್ಲ, ಮಗು ಎತ್ತ ತಿರುಗಿದರೂ ಅವು ಇದ್ದಲ್ಲೇ ಇರುತ್ತವೆ. ಹಾಗಾದರೆ ದಿಕ್ಕು ಕಲಿಯುವುದು ಚಿಕ್ಕ ಮಕ್ಕಳಿಂದ ಆದೀತೇ? ಆಗುತ್ತದೆ ಎನ್ನಲು ಒಳ್ಳೆಯ ಪುರಾವೆ ನಮ್ಮ ದೇಶದಲ್ಲೇ ಇದೆ. ಪಿಯರ್ ಡಾಸೆನ್ ಮತ್ತು ರಮೇಶಚಂದ್ರ ಮಿಶ್ರ ಅವರು ಬಾಲಿ, ನೇಪಾಳ, ವಾರಾಣಸಿ ಮತ್ತು ಅದರ ಸುತ್ತಲಿನ ಮಕ್ಕಳ ಜೊತೆ ದೀರ್ಘಕಾಲ ಕೆಲಸ ಮಾಡಿ 2010ರಲ್ಲಿ ಪುಸ್ತಕ ಪ್ರಕಟಿಸಿದರು. ಸುತ್ತಮುತ್ತ ದೊಡ್ಡವರು ದಿಕ್ಕು ಹಿಡಿದು ಮಾತಾಡುವ ಕಡೆ ಮಕ್ಕಳು ಬಲು ಬೇಗ ಹಾಗೇ ಯೋಚಿಸಲು ಕಲಿಯುತ್ತಾರೆ ಎಂಬುದು ಅವರು ಕಂಡ ವಿಷಯ. ತಮಿಳುನಾಡಿನಲ್ಲಿ ಎರಿಕ್ ಪೆಡರ್ಸನ್ ನಡೆಸಿದ ಅಧ್ಯಯನದಲ್ಲಿ ಹಳ್ಳಿಯವರು ಕಣ್ಣೆದುರಿನ ಸಣ್ಣ ವಸ್ತುಗಳ ಜಾಗವನ್ನೂ ದಿಕ್ಕಿನಲ್ಲಿ ಹೇಳುತ್ತಿದ್ದರೆ, ಪೇಟೆಯವರು ಎಡಬಲಕ್ಕೆ ವಾಲಿದ್ದರು. ಭಾಷೆ ಒಂದೇ, ಬದುಕುವ ಬಗೆ ಬೇರೆ.

ನಮ್ಮಲ್ಲೂ ಆ ರೂಢಿ ಸತ್ತಿಲ್ಲ. ಯಾವುದೇ ಜಮೀನಿನ ಕ್ರಯಪತ್ರ ತೆಗೆದು ನೋಡಿ: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಗೋಮಾಳ ಎಂದು ಚಕ್ಕುಬಂದಿ ಬರೆದಿರುತ್ತಾರೆ. ಎಡಬಲ ಹೇಳಿ ಯಾರೂ ಹೊಲ ಮಾರುವುದಿಲ್ಲ, ಏಕೆಂದರೆ ಅದು ನಾಳೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಮಕ್ಕಳಿಗೆ ಈ ಚಕ್ಕುಬಂದಿಗಿಂತ ಒಳ್ಳೆಯ ಮೊದಲ ಪಾಠ ನನಗೆ ತೋಚುವುದಿಲ್ಲ. ಒಂದನೇ ತರಗತಿಯ ಮಗು ತಾನು ಕೂತ ಜಾಗದ ಚಕ್ಕುಬಂದಿ ಹೇಳಲಿ: ಮೂಡಲಿಗೆ ಕಿಟಕಿ, ಪಡುವಲಿಗೆ ಪಕ್ಕದ ಗೆಳತಿ, ಬಡಗಲಿಗೆ ಬಾಗಿಲು, ತೆಂಕಲಿಗೆ ಗೋಡೆ. ಎರಡನೆಯದರಲ್ಲಿ ಮನೆಯದು, ಮೂರನೆಯದರಲ್ಲಿ ಓಣಿಯದು, ನಾಲ್ಕನೆಯದರಲ್ಲಿ ಊರಿನದು. ಹೊಲವಿರುವ ಮನೆಯ ಮಕ್ಕಳು ಪಹಣಿ, ಪತ್ರ ಹಿಡಿದು ಮನೆಯವರೊಡನೆ ಹೊಲದ ನಾಲ್ಕು ಬದುವಿನ ಮೇಲೂ ನಡೆದು ಬರಲಿ. ಹೊಲವಿಲ್ಲದ ಮನೆಯ ಮಕ್ಕಳಿಗೆ ಶಾಲೆಯ ಕಾಂಪೌಂಡು ಇದ್ದೇ ಇದೆ. ಅದೂ ಒಂದು ಸರ್ವೆ ನಂಬರೇ.

ಇಲ್ಲಿ ಪಠ್ಯಪುಸ್ತಕದ ಒಂದು ಮಾತಿಗೆ ತುಸು ತಿದ್ದುಪಡಿ ಬೇಕು. ಹುಟ್ಟುವ ಸೂರ್ಯನಿಗೆ ಮುಖ ಮಾಡಿ ನಿಂತರೆ ಎದುರು ಪೂರ್ವ, ಬಲಗೈ ದಕ್ಷಿಣ, ಎಡಗೈ ಉತ್ತರ ಎಂದು ಎಲ್ಲರೂ ಕಲಿತಿದ್ದೇವೆ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಮೂರನೇ ವಾರದ ಆಸುಪಾಸಿಗೆ ಇದು ಸರಿ. ಚಿತ್ರದುರ್ಗ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಜೂನ್ ಕೊನೆಗೆ ಸೂರ್ಯ ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಬೇಸಿಗೆ ರಜೆ ಕಳೆದು ಶಾಲೆ ತೆರೆಯುವ ಹೊತ್ತಿಗೆ ಪೂರ್ವ ಕಲಿತ ಮಗು ಈಶಾನ್ಯದ ಹತ್ತಿರ ಸರಿದ ಗೆರೆಯನ್ನೇ ಪೂರ್ವ ಎಂದುಕೊಳ್ಳುತ್ತದೆ. ಮಧ್ಯಾಹ್ನದ ನೆರಳು ಇದಕ್ಕಿಂತ ನಂಬಿಕಸ್ಥ. ಶಾಲೆಯ ಧ್ವಜಸ್ತಂಭದ ನೆರಳಿನ ತುದಿಯನ್ನು ಹನ್ನೆರಡರಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೆ ಗುರುತು ಮಾಡಿದರೆ, ಅತಿ ಗಿಡ್ಡ ನೆರಳು ಬಿದ್ದ ಗೆರೆಯೇ ಉತ್ತರ ದಕ್ಷಿಣದ ಗೆರೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ನಾವು ಅದಕ್ಕೆ ಪಶ್ಚಿಮದಲ್ಲಿರುವುದರಿಂದ ಇಲ್ಲಿಯ ನಿಜವಾದ ನಡುಹಗಲು ಹನ್ನೆರಡು ದಾಟಿಯೇ ಬರುತ್ತದೆ. ಆ ನೆರಳು ಯಾವಾಗಲೂ ಉತ್ತರಕ್ಕೇ ಬೀಳುತ್ತದೆ ಎಂದು ಹೇಳಿಬಿಡಬಾರದು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರದಲ್ಲಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಹತ್ತು ಅಡಿಯ ಕಂಬಕ್ಕೆ ಜೂನ್ 21ರಂದು ದಕ್ಷಿಣಕ್ಕೆ ಸುಮಾರು ಒಂದೂವರೆ ಅಡಿ, ಡಿಸೆಂಬರ್ 22ರಂದು ಉತ್ತರಕ್ಕೆ ಏಳೂವರೆ ಅಡಿಗೂ ಹೆಚ್ಚು. ಈ ಎರಡರ ನಡುವೆ ನೆರಳು ಬುಡದಲ್ಲೇ ಅಡಗುವ ದಿನಗಳು ವರ್ಷಕ್ಕೆರಡು ಸಲ ಬರುತ್ತವೆ. ಎರಡನೆಯದು ನಮ್ಮ ನಾಲ್ಕೂ ಊರುಗಳಿಗೆ ಸ್ವಾತಂತ್ರ್ಯ ದಿನದ ಆಸುಪಾಸಿಗೇ ಬೀಳುತ್ತದೆ. ಆಗಸ್ಟ್ 15ರಂದು ಧ್ವಜ ಹಾರಿಸಿದ ಮಕ್ಕಳು, ಮೋಡವಿಲ್ಲದಿದ್ದರೆ, ಹನ್ನೆರಡೂವರೆಗೆ ಅದೇ ಕಂಬದ ಬುಡ ನೋಡಲಿ. ಒಂದು ಮೊಳ ದಾರ, ಸೀಮೆಸುಣ್ಣ ಬಿಟ್ಟರೆ ಇದಕ್ಕೆ ಖರ್ಚಿಲ್ಲ. ಹೀಗೆ ಎಳೆದ ಗೆರೆಯನ್ನು ಬಣ್ಣದಲ್ಲಿ ಶಾಶ್ವತವಾಗಿ ಬರೆಸಿಟ್ಟರೆ ಮುಂದಿನ ಎಲ್ಲ ಪಾಠಗಳಿಗೂ ಅದೇ ಆಧಾರ.

ಶಾಲೆಯಂಗಳದಿಂದ ಹೊರಗೆ ಬಂದಾಗ ದಿಕ್ಕನ್ನು ನೆನಪಿಸಲು ದೊಡ್ಡ ಗುರುತೊಂದು ಬೇಕು, ದೂರದಿಂದ ಕಾಣುವಂಥದು, ಅಲುಗದಂಥದು. ಚಿತ್ರದುರ್ಗದ ಮಕ್ಕಳಿಗೆ ಕೋಟೆಗುಡ್ಡ ಇದೆ. ಪಟ್ಟಣದ ಬಹುಭಾಗಕ್ಕೆ ಅದು ದಕ್ಷಿಣ ಪಶ್ಚಿಮದ ಕಡೆಗಿದೆ. ಅದರಾಚೆ ದಕ್ಷಿಣಕ್ಕೆ ಜೋಗಿಮಟ್ಟಿ ಗುಡ್ಡ. ಗಾಂಧಿ ವೃತ್ತದಲ್ಲಿ ನಿಂತ ಮಗು ಕೋಟೆಯ ಕಡೆ ಕೈ ತೋರಿಸಬಲ್ಲದಾದರೆ ಉಳಿದ ಮೂರು ದಿಕ್ಕು ಕೈಗೆ ಬಂದಂತೆಯೇ. ಆ ಕೋಟೆ ಸ್ವತಃ ದಾರಿಯ ದೊಡ್ಡ ಪಾಠ. ಹೊರಗಿನವರು ನೇರವಾಗಿ ನುಗ್ಗದಂತೆ ಬಾಗಿಲುಗಳ ದಾರಿಯನ್ನು ಬೇಕೆಂದೇ ಸೊಟ್ಟಗೆ ತಿರುಗಿಸಿ ಕಟ್ಟಿದ್ದಾರೆ. ಏಳು ಸುತ್ತಿನ ಕೋಟೆಗೆ ಶಾಲಾ ಪ್ರವಾಸ ಹೋದ ಮಕ್ಕಳನ್ನು ಸಾಲು ನಿಲ್ಲಿಸಿ ಓಬವ್ವನ ಕಿಂಡಿ ತೋರಿಸಿ ಕರೆತರುವ ಬದಲು, ಏಕನಾಥೇಶ್ವರಿ ಗುಡಿಯಿಂದ ಕೆಳಬಾಗಿಲಿಗೆ ನೀವೇ ನಮ್ಮನ್ನು ಕರೆದುಕೊಂಡು ಹೋಗಿ ಎಂದು ಗುಂಪೊಂದಕ್ಕೆ ಹೇಳಿ ಶಿಕ್ಷಕರು ಹಿಂದೆ ನಡೆದರೆ ಅದೇ ಪ್ರವಾಸದ ಬೆಲೆ ಎಷ್ಟೋ ಹೆಚ್ಚುತ್ತದೆ. ಸೊಟ್ಟ ದಾರಿಗಳ ಬಗ್ಗೆ ಈಚೆಗೆ ಒಂದು ಗಮನಾರ್ಹ ಮಾತು ಹೊರಬಿದ್ದಿದೆ. 38 ದೇಶಗಳ ಸುಮಾರು 4 ಲಕ್ಷ ಜನ ಮೊಬೈಲಿನಲ್ಲಿ ಆಡಿದ ದಾರಿ ಹುಡುಕುವ ಆಟವೊಂದರ ಮಾಹಿತಿಯನ್ನು ವಿಶ್ಲೇಷಿಸಿ 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಲೇಖನದ ಪ್ರಕಾರ, ಚೌಕಾಕಾರದ ಬೀದಿಗಳ ನಗರದಲ್ಲಿ ಬೆಳೆದವರಿಗಿಂತ ನಗರದ ಹೊರಗೆ, ಅಂಕುಡೊಂಕು ದಾರಿಗಳ ಕಡೆ ಬೆಳೆದವರು ಒಟ್ಟಾರೆ ದಾರಿ ಹುಡುಕುವುದರಲ್ಲಿ ಮುಂದಿದ್ದರು. ಹಳೆಯ ಚಿತ್ರದುರ್ಗದ ಓಣಿಗಳಲ್ಲಿ ಬೆಳೆಯುವ ಮಗುವಿಗೆ ಇದು ಸಿಕ್ಕ ಭಾಗ್ಯ, ಆದರೆ ಓಣಿಯಲ್ಲಿ ನಡೆದರೆ ಮಾತ್ರ.

ಜಿಲ್ಲೆಯ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ಮಕ್ಕಳ ಕಣ್ಣಿಗೆ ಮೊದಲು ಬೀಳುತ್ತವೆ, ಆದರೆ ಅವು ಒಳ್ಳೆಯ ಗುರುತಲ್ಲ. ಎಲ್ಲವೂ ಒಂದೇ ಥರ, ಮೇಲಾಗಿ ಗಾಳಿ ಬಂದ ಕಡೆಗೆ ಮುಖ ತಿರುಗಿಸುತ್ತವೆ. ಮುಂಗಾರಿನಲ್ಲಿ ಪಡುವಲಿಗೆ ನೋಡಿದ ರೆಕ್ಕೆ ಚಳಿಗಾಲಕ್ಕೆ ಮೂಡಲಿಗೆ ತಿರುಗಿರುತ್ತದೆ. ಇದನ್ನು ಮಕ್ಕಳೇ ಗಮನಿಸಿ ಹೇಳಿದರೆ ಗಾಳಿಯ ಪಾಠವೂ ಆಯಿತು. ಹಿರಿಯೂರಿನಲ್ಲಿ ಗುಡ್ಡಕ್ಕಿಂತ ನೀರು ಮುಖ್ಯ. ವೇದಾವತಿ ಪಶ್ಚಿಮದ ಕಡೆಯಿಂದ ಬಂದು ಉತ್ತರ ಈಶಾನ್ಯದತ್ತ ಹರಿಯುತ್ತದೆ. ಮಾರಿಕಣಿವೆಯಲ್ಲಿ 1907ರ ಹೊತ್ತಿಗೆ ಮುಗಿದ ವಾಣಿವಿಲಾಸ ಸಾಗರದಿಂದ ಎಡದಂಡೆ, ಬಲದಂಡೆ ನಾಲೆಗಳು ಹೊರಡುತ್ತವೆ. ಈ ಎಡ ಬಲ ಯಾರದು? ನೀರು ಹರಿಯುವ ಕಡೆಗೆ ಮುಖ ಮಾಡಿ ನಿಂತವರದು. ನಾವು ಹೇಗೆ ನಿಂತರೂ ನಾಲೆಯ ಹೆಸರು ಬದಲಾಗುವುದಿಲ್ಲ. ಎಡಬಲಕ್ಕೂ ಒಂದು ನಿಯಮ ಬೇಕು ಎಂಬ ಕಷ್ಟದ ವಿಚಾರ ಹಿರಿಯೂರಿನ ನಾಲ್ಕನೇ ತರಗತಿಯ ಮಗುವಿಗೆ ನಾಲೆಯ ಏರಿಯ ಮೇಲೆ ಐದು ನಿಮಿಷದಲ್ಲಿ ತಿಳಿಯುತ್ತದೆ. 89 ವರ್ಷಗಳ ಬಳಿಕ 2022ರಲ್ಲಿ ಆ ಜಲಾಶಯ ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಹೋಯಿತು. ನೀರು ಎಲ್ಲಿಂದ ಬಂತು, ಎತ್ತ ಹೋಯಿತು ಎಂದು ಕೇಳಲು ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಹೊಳಲ್ಕೆರೆಯ ಕಡೆ ಅಡಕೆ ತೋಟ, ಹೊಸದುರ್ಗದ ಕಡೆ ತೆಂಗಿನ ತೋಟ. ಅಲ್ಲಿ ದೂರದ ಗುರುತು ಮರೆಯಾಗುತ್ತದೆ, ಸಾಲುಗಳೆಲ್ಲ ಒಂದೇ ಥರ ಕಾಣುತ್ತವೆ. ಅಂಥಲ್ಲಿ ನೆರಳು, ಕಾಲುವೆಯ ಇಳಿಜಾರು, ಸಾಲು ಎಣಿಸುವ ರೂಢಿ ಇವೇ ಗತಿ.

ನಕ್ಷೆ ಬರಬೇಕಾದದ್ದು ಇದೆಲ್ಲದರ ನಂತರ. ನಂತರ ಎಂದರೆ ವರ್ಷಗಟ್ಟಲೆ ಕಾಯಬೇಕೆಂದಲ್ಲ. ಚಿಕ್ಕವರಿಗೆ ನಕ್ಷೆ ತಲೆಗೆ ಹತ್ತುವುದಿಲ್ಲ ಎಂಬ ಅಭಿಪ್ರಾಯ ಬಹಳ ಕಾಲ ಇತ್ತು. ಆದರೆ ಜೇಮ್ಸ್ ಬ್ಲಾಟ್ ಮತ್ತು ಸಂಗಡಿಗರು 1970ರಲ್ಲೇ, ಶಾಲೆಗೆ ಸೇರುವ ವಯಸ್ಸಿನ ಮಕ್ಕಳು ಮೇಲಿನಿಂದ ತೆಗೆದ ವಿಮಾನಚಿತ್ರದಲ್ಲಿ ಮನೆ, ರಸ್ತೆಗಳನ್ನು ಗುರುತಿಸಬಲ್ಲರು ಎಂದು ತೋರಿಸಿದರು. ತೊಡಕು ಮಗುವಿನ ಬುದ್ಧಿಯಲ್ಲಿಲ್ಲ, ನಾವು ನಕ್ಷೆಯನ್ನು ಗೋಡೆಗೆ ನೇತುಹಾಕುವುದರಲ್ಲಿದೆ. ಗೋಡೆಯ ಮೇಲೆ ಉತ್ತರ ಎಂದರೆ ಮೇಲೆ, ಸೂರಿನ ಕಡೆ. ಕಪ್ಪುಹಲಗೆ ದಕ್ಷಿಣದ ಗೋಡೆಗಿದ್ದರಂತೂ ಮಗು ದಕ್ಷಿಣಕ್ಕೆ ಮುಖ ಮಾಡಿ ಉತ್ತರವನ್ನು ಕಲಿಯುತ್ತಿರುತ್ತದೆ. ನಕ್ಷೆಯನ್ನು ನೆಲಕ್ಕೆ ಹಾಸಿ, ಅಂಗಳದಲ್ಲಿ ಬರೆದ ಗೆರೆಗೆ ಅದರ ಉತ್ತರವನ್ನು ಹೊಂದಿಸಿ, ಸುತ್ತ ಮಕ್ಕಳನ್ನು ಕೂರಿಸಬೇಕು. ಆಗ ಚಿತ್ರದುರ್ಗದ ಮೇಲೆ ಬೆರಳಿಟ್ಟ ಮಗು ಆಗ್ನೇಯಕ್ಕೆ ಕೈ ಚಾಚಿ ಹಿರಿಯೂರು ಅತ್ತ, ನೈಋತ್ಯಕ್ಕೆ ಚಾಚಿ ಹೊಳಲ್ಕೆರೆ ಇತ್ತ ಎಂದರೆ ಊರುಗಳು ನಿಜವಾಗಿ ಆ ಕಡೆಗೇ ಇರುತ್ತವೆ. ಹೆಸರನ್ನು ಮಾತ್ರ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ. ಹೊಸದುರ್ಗ ರೋಡ್ ರೈಲು ನಿಲ್ದಾಣ ಹೊಸದುರ್ಗ ಪಟ್ಟಣದಲ್ಲಿಲ್ಲ. ನಿಲ್ದಾಣದ ಹೆಸರಿನಲ್ಲಿರುವ ರೋಡ್ ಎಂಬ ಮಾತೇ ಊರು ಇನ್ನೂ ದೂರವಿದೆ ಎಂದು ಹೇಳುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ ಮತ್ತೊಂದು ಹೊಸದುರ್ಗವೇ ಇದೆ.

ಫೋನಿರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿಗೆ ಆ ಎರಡು ಹೊಸದುರ್ಗಗಳಲ್ಲೇ ಅರ್ಧ ಉತ್ತರವಿದೆ: ಫೋನ್ ತೋರಿಸಿದ್ದು ನಮಗೆ ಬೇಕಾದ ಊರೋ ಅಲ್ಲವೋ ಎಂದು ತಿಳಿಯಲು ತಲೆಯಲ್ಲಿ ಒಂದು ನಕ್ಷೆ ಮೊದಲೇ ಇರಬೇಕು. ಉಳಿದ ಅರ್ಧ ಮಿದುಳಿಗೆ ಸೇರಿದ್ದು. ಮಿದುಳಿನಲ್ಲಿ ಜಾಗವನ್ನು ಗುರುತಿಸುವ ಕೋಶಗಳನ್ನು ಕಂಡುಹಿಡಿದದ್ದಕ್ಕೆ ಜಾನ್ ಓಕೀಫ್ ಮತ್ತು ಮೋಸರ್ ದಂಪತಿಗೆ 2014ರ ನೊಬೆಲ್ ಪ್ರಶಸ್ತಿ ಬಂತು. ಲಂಡನ್ನಿನ ಬೀದಿಗಳನ್ನು ಬಾಯಿಪಾಠ ಮಾಡುವ ಟ್ಯಾಕ್ಸಿ ಚಾಲಕರಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂತುದಿ ಇತರರಿಗಿಂತ ದೊಡ್ಡದಾಗಿದೆ ಎಂದು 2000ದಲ್ಲಿ ಎಲೀನರ್ ಮಗ್ವಾಯರ್ ತಂಡ ತೋರಿಸಿತು. ಕೆನಡಾದ ದಹ್ಮಾನಿ ಮತ್ತು ಬೊಬೊ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಿಪಿಎಸ್ ಹೆಚ್ಚು ಬಳಸಿದವರಲ್ಲಿ ಕೆಲವು ವರ್ಷಗಳಲ್ಲಿ ಜಾಗದ ನೆನಪು ಹೆಚ್ಚು ಇಳಿದಿತ್ತು. ಅವರು ಪರೀಕ್ಷಿಸಿದವರು ವಯಸ್ಕರು, ಅದೂ ಕೆಲವೇ ಮಂದಿ. ಆದ್ದರಿಂದ ಅದನ್ನೇ ಹಿಡಿದು ಮಕ್ಕಳ ಬಗ್ಗೆ ದೊಡ್ಡ ತೀರ್ಪು ಕೊಡಲಾರೆ. ಬಳಸದ ಶಕ್ತಿ ಬೆಳೆಯುವುದಿಲ್ಲ ಎನ್ನುವಷ್ಟಕ್ಕೆ ಮಾತ್ರ ಇದು ಸಾಕು.

ಇದಕ್ಕಿಂತ ಭಾರವಾದ ಆಕ್ಷೇಪ ರಸ್ತೆಯದು. ಬೆಂಗಳೂರು ಪುಣೆ ಹೆದ್ದಾರಿ ಈ ಜಿಲ್ಲೆಯ ನಡುವೆಯೇ ಹಾದುಹೋಗಿದೆ. ಮಗುವನ್ನು ಮುಂದೆ ಬಿಡಿ ಎಂದರೆ ತಾಯಿಯ ಎದೆ ಧಸಕ್ ಎನ್ನುವುದು ಸಹಜ, ಅದು ಸರಿಯೂ ಹೌದು. ಬರುತ್ತಿರುವ ವಾಹನದ ವೇಗವನ್ನು ಅಂದಾಜು ಮಾಡುವುದು ಹತ್ತು ವರ್ಷದೊಳಗಿನ ಮಕ್ಕಳಿಗೆ ನಿಜಕ್ಕೂ ಕಷ್ಟ. ಆದರೆ ದಾರಿ ತಿಳಿಯುವುದು ಒಂದು ವಿದ್ಯೆ, ರಸ್ತೆ ದಾಟುವುದು ಇನ್ನೊಂದು. ಎರಡನೆಯದರಲ್ಲಿ ಕೈ ಹಿಡಿಯಲೇಬೇಕು. ದಾಟಿದ ಮೇಲೆ ಬಿಡಬೇಕು. ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇ. 80ರಷ್ಟು ತಾವೇ ಶಾಲೆಗೆ ಹೋಗುತ್ತಿದ್ದರು, 1990ಕ್ಕೆ ಅದು ಶೇ. 9ಕ್ಕೆ ಇಳಿಯಿತು ಎಂದು ಮೇಯರ್ ಹಿಲ್‌ಮನ್ ಮತ್ತು ಸಂಗಡಿಗರು ದಾಖಲಿಸಿದರು. ಮಕ್ಕಳು ಬೀದಿಯಿಂದ ಮಾಯವಾದಷ್ಟೂ ಅವರನ್ನು ಬಿಟ್ಟುಬರುವ ವಾಹನಗಳೇ ಶಾಲೆಯ ಗೇಟಿನ ಮುಂದೆ ಸೇರುತ್ತವೆ. ಅಪಾಯಕ್ಕೆ ಹೆದರಿ ಮಾಡಿದ್ದೇ ಅಪಾಯವನ್ನು ಹೆಚ್ಚಿಸುತ್ತದೆ. ಶಿಕ್ಷಣ ಹಕ್ಕಿನ ನಿಯಮಗಳು ಐದನೇ ತರಗತಿಯವರೆಗಿನ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕೆನ್ನುವುದು ಮಗು ನಡೆದು ಬರಲಿ ಎಂದೇ. ಆ ಒಂದು ಕಿಲೋಮೀಟರಿನಲ್ಲಿ ಕಾಲುದಾರಿ, ವೇಗತಡೆ, ನೆರಳು ಇವನ್ನು ಒದಗಿಸುವುದು ಪುರಸಭೆ, ಪಂಚಾಯಿತಿಗಳ ಕೆಲಸ. ಅದನ್ನು ಕೇಳಿ ಪಡೆಯುವುದು ನಮ್ಮ ಕೆಲಸ.

ಶಿಕ್ಷಕರು ಪಠ್ಯದ ಹೊರೆಯ ಮಾತೆತ್ತುತ್ತಾರೆ. ಇದು ಹೊಸ ಪಾಠವಲ್ಲ. ಪರಿಸರ ಅಧ್ಯಯನದಲ್ಲಿ ದಿಕ್ಕು, ನಕ್ಷೆ ಇದ್ದೇ ಇವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿಕಲಿ, ಮಕ್ಕಳು ಕೈಯಾರೆ ಮಾಡಿ ಕಲಿಯಬೇಕೆಂಬ ನಂಬಿಕೆಯ ಮೇಲೆಯೇ ನಿಂತಿದೆ. ಅದೇ ನಂಬಿಕೆಯನ್ನು ಕೊಠಡಿಯ ಹೊಸ್ತಿಲು ದಾಟಿಸಿದರೆ ಸಾಕು.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಅಂಗಡಿಗೆ ಹೋಗಿ ಬಾ ಎಂದು ಹುಡುಗನನ್ನು ಕಳಿಸಿ, ಹುಡುಗಿಯನ್ನು ಮನೆಯಲ್ಲೇ ಉಳಿಸಿಕೊಳ್ಳುವುದು ನಮ್ಮ ಊರುಗಳ ರೂಢಿ. ಅಮೆರಿಕದ ವರ್ಮಾಂಟಿನ ಪುಟ್ಟ ಊರಿನಲ್ಲೂ ಹುಡುಗರಿಗೆ ಅಲೆಯಲು ಬಿಟ್ಟ ಹರವು ಹುಡುಗಿಯರಿಗಿಂತ ದೊಡ್ಡದಿತ್ತು ಎಂದು ರೋಜರ್ ಹಾರ್ಟ್ 1979ರ ಪುಸ್ತಕದಲ್ಲಿ ಬರೆದರು. ಮೇಲೆ ಹೇಳಿದ ಮೊಬೈಲ್ ಆಟದ 2018ರ ವಿಶ್ಲೇಷಣೆ ಇನ್ನೂ ಸ್ಪಷ್ಟ: ಗಂಡು ಹೆಣ್ಣಿನ ನಡುವೆ ಅಸಮಾನತೆ ಹೆಚ್ಚಿರುವ ದೇಶಗಳಲ್ಲಿ ದಾರಿ ಹುಡುಕುವ ಸಾಮರ್ಥ್ಯದ ಅಂತರವೂ ಹೆಚ್ಚು. ಹುಡುಗಿಯರಿಗೆ ದಾರಿ ತಿಳಿಯುವುದಿಲ್ಲ ಎಂಬ ಮಾತು ಹುಟ್ಟುಗುಣದ ವಿವರಣೆಯಲ್ಲ, ನಾವು ಬಿಡದೇ ಇದ್ದುದರ ಲೆಕ್ಕ. ಭದ್ರತೆಯ ಭಯ ಸುಳ್ಳಲ್ಲ. ಹಿಂದೆ ಒಬ್ಬರು ದೊಡ್ಡವರು ನಡೆಯುವ ಈ ಕ್ರಮದಲ್ಲಿ ಹುಡುಗಿಯನ್ನು ಮುಂದೆ ಬಿಡದಿರಲು ಆ ಭಯ ಕಾರಣವಾಗಲಾರದು.

ಇಷ್ಟೆಲ್ಲ ಕಲಿತ ಮಗುವೂ ಒಂದು ದಿನ ದಾರಿ ತಪ್ಪಬಹುದು, ಹೆಚ್ಚಾಗಿ ಜಾತ್ರೆಯಲ್ಲಿ. ಆಗ ಹುಡುಕುತ್ತ ಓಡಬಾರದು, ತಪ್ಪಿಸಿಕೊಂಡೆ ಎಂದು ತಿಳಿದಲ್ಲೇ ನಿಲ್ಲಬೇಕು. ಹುಡುಕುವವರೂ ಹುಡುಕಿಸಿಕೊಳ್ಳುವವರೂ ಇಬ್ಬರೂ ಓಡಾಡಿದರೆ ಸಿಗುವುದು ತಡ. ಊರಿನ ಹೆಸರು, ಹೆತ್ತವರ ಪೂರ್ತಿ ಹೆಸರು, ಒಂದು ಫೋನ್ ನಂಬರು ಬಾಯಿಗೆ ಬಂದಿರಬೇಕು. ಪೊಲೀಸರನ್ನೋ ಮಕ್ಕಳನ್ನು ಕಟ್ಟಿಕೊಂಡು ಬಂದ ತಾಯಿಯೊಬ್ಬರನ್ನೋ ಕೇಳಬೇಕು. ಮಕ್ಕಳ ಸಹಾಯವಾಣಿ 1098, ತುರ್ತು ಕರೆ 112 ಎಂದು ತಿಳಿದಿರಬೇಕು. ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವಕ್ಕೆ ಹೋಗುವ ಮನೆಯವರು ಬೇರೆಯಾದರೆ ಎಲ್ಲಿ ಸೇರುವುದು ಎಂದು ಮೊದಲೇ ಮಾತಾಡಿಕೊಳ್ಳಲಿ. ತೇರಿನ ಹತ್ತಿರ ಎನ್ನಬೇಡಿ, ತೇರು ಸಾಗುತ್ತದೆ. ದೇವಸ್ಥಾನದ ಮುಂಬಾಗಿಲು ಎನ್ನಿ, ಜನ ಸೇರುವ ಮುಂಚೆ ಮಗುವೇ ಮುಂದೆ ನಡೆದು ಅಲ್ಲಿಗೆ ನಿಮ್ಮನ್ನು ಒಮ್ಮೆ ಕರೆದೊಯ್ಯಲಿ.